ಬಂಡೆ, ಇಂಬಳ, ಮಳೆ: ಹನ್ನೆರಡು ಸಾವಿರ ರೂಪಾಯಿಯೊಳಗೆ ಯಾವ ಟೆಂಟ್?

ಅಕ್ಕನ ಮಗಳು ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಒಂದು ಭಾನುವಾರ ಜಯನಗರದ ನಮ್ಮ ಮನೆಗೆ ಬಂದವಳು ಮೊಬೈಲ್‌ನಲ್ಲಿ ನಾಲ್ಕು ಟೆಂಟ್‌ಗಳ ಚಿತ್ರ ತೋರಿಸಿ, ‘ಮಾವ, ಇವುಗಳಲ್ಲಿ ಎಲ್ಲಕ್ಕಿಂತ ಹಗುರವಾದದ್ದನ್ನು ತೆಗೆದುಕೊಳ್ಳಲೇ?’ ಎಂದು ಕೇಳಿದಳು. ‘ಅದನ್ನು ಎಲ್ಲಿ ಹಾಕುತ್ತೀಯ, ಮೊದಲು ಹೇಳು’ ಎಂದೆ. ಡಿಸೆಂಬರ್‌ನಲ್ಲಿ ಸಕಲೇಶಪುರದ ಕಡೆ, ಮುಂದಿನ ಬೇಸಿಗೆಯಲ್ಲಿ ಗೆಳತಿಯ ಜೊತೆ ಹಿಮಾಚಲ, ನಡುವೆ ಬಿಡುವಾದಾಗ ಬೆಂಗಳೂರಿನ ಸುತ್ತಲಿನ ಬೆಟ್ಟಗಳ ತಪ್ಪಲು. ಖರ್ಚು ಹನ್ನೆರಡು ಸಾವಿರ ರೂಪಾಯಿ ದಾಟಬಾರದು. ಈ ಊರಿನಿಂದ ಚಾರಣಕ್ಕೆ ಹೊರಡುವ ಅನೇಕರ ಲೆಕ್ಕವೂ ಹೆಚ್ಚುಕಡಿಮೆ ಇದೇ ಆಗಿರುವುದರಿಂದ, ಅಂದು ಅವಳಿಗೆ ಹೇಳಿದ್ದನ್ನು ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ವರ್ಷಕ್ಕೊಮ್ಮೆ ಆಯೋಜಕರ ತಂಡದ ಜೊತೆ ಹಿಮಾಲಯಕ್ಕೆ ಹೋಗಿ ಬರುವವರು ಟೆಂಟ್ ಕೊಳ್ಳುವ ಅಗತ್ಯವೇ ಇಲ್ಲ. ಅಲ್ಲಿ ಅವರೇ ಕೊಡುತ್ತಾರೆ. ಆ ಹಣವನ್ನು ಒಳ್ಳೆಯ ಶೂ ಮತ್ತು ಮಳೆಯಂಗಿಗೆ ಹಾಕಿ. ಇನ್ನು, ನಮ್ಮ ರಾಜ್ಯದ ಅನೇಕ ಬೆಟ್ಟಗಳಲ್ಲಿ ರಾತ್ರಿ ತಂಗುವುದಕ್ಕೇ ಅವಕಾಶವಿಲ್ಲ. ಹೊರಡುವ ಮುನ್ನ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣವನ್ನು ನೋಡಿ. ಅನುಮತಿ ಇಲ್ಲದ ಕಡೆ ಕಾಫಿ ತೋಟದವರನ್ನೋ ಖಾಸಗಿ ಜಮೀನಿನವರನ್ನೋ ಕೇಳಿ ಅವರ ಅಂಗಳದಲ್ಲಿ ಹಾಕಿಕೊಳ್ಳುವುದೇ ಸರಿ.

ಮೊದಲು ನೆಲ, ಆಮೇಲೆ ತೂಕ

ಅಂತರಜಾಲದಲ್ಲಿ ಸಿಗುವ ಟೆಂಟ್ ವಿಮರ್ಶೆಗಳಲ್ಲಿ ಹೆಚ್ಚಿನವು ಅಮೆರಿಕ ಮತ್ತು ಯುರೋಪಿನ ದೀರ್ಘ ಕಾಲುದಾರಿಗಳಲ್ಲಿ ನಡೆದವರು ಬರೆದವು. ತಿಂಗಳುಗಟ್ಟಲೆ ನಡೆಯುವವರಿಗೆ ನೂರು ಗ್ರಾಂ ಕೂಡ ದೊಡ್ಡದು. ನಾವು ಶುಕ್ರವಾರ ರಾತ್ರಿ ಬಸ್ ಹತ್ತಿ ಸೋಮವಾರ ಬೆಳಿಗ್ಗೆ ಕಚೇರಿಗೆ ಮರಳುವವರು. ನಮ್ಮ ಕಷ್ಟಗಳೇ ಬೇರೆ.

ಬೆಂಗಳೂರಿನ ಸುತ್ತ, ಸಾವನದುರ್ಗ, ರಾಮನಗರ, ಮಾಕಳಿದುರ್ಗದ ಕಡೆ ಎಲ್ಲವೂ ಗ್ರಾನೈಟ್. ತಪ್ಪಲಿನಲ್ಲಿಯೂ ಅನೇಕ ಕಡೆ ಗೇಣುದ್ದ ಮಣ್ಣು, ಅದರ ಕೆಳಗೆ ಬಂಡೆ. ಗೂಟ ಅರ್ಧಕ್ಕೆ ನಿಂತು ಬಾಗುತ್ತದೆ. ಗೂಟವನ್ನೇ ನಂಬಿ ನಿಲ್ಲುವ ಟೆಂಟ್ ಅಲ್ಲಿ ರಾತ್ರಿಯಿಡೀ ತಲೆನೋವು. ಮಲೆನಾಡಿಗೆ ಹೋದರೆ ಮಣ್ಣು ಮೆತ್ತಗಿರುತ್ತದೆ, ಗೂಟ ಸುಲಭವಾಗಿ ಇಳಿಯುತ್ತದೆ, ಆದರೆ ಮಳೆಗಾಲ ಮುಗಿದ ಮೇಲೂ ತೇವವಿರುವ ಕಡೆ ಇಂಬಳ, ಅಂದರೆ ಜಿಗಣೆ, ಬಿಡುವುದಿಲ್ಲ. ಟಾರ್ಪಾಲಿನ ಕೆಳಗೆ ಚಾಪೆ ಹಾಸಿ ಮಲಗುವವರ ಚಿತ್ರಗಳು ನೋಡಲು ಚೆನ್ನಾಗಿರುತ್ತವೆ. ಇಂಬಳವಿರುವ ನೆಲದಲ್ಲಿ ನಾನು ಹಾಗೆ ಮಲಗುವುದಿಲ್ಲ.

ಇಂಬಳ ರಕ್ತ ಕುಡಿದು ಬಿಟ್ಟು ಹೋಗುತ್ತದೆ, ಉಣುಗು ಹಾಗಲ್ಲ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಉಣುಗಿನ ಕಡಿತದಿಂದಲೇ ಮನುಷ್ಯರಿಗೆ ಹರಡುತ್ತದೆ. ಚಳಿಗಾಲದಿಂದ ಬೇಸಿಗೆಯವರೆಗೆ, ಅಂದರೆ ನಾವು ಹೆಚ್ಚಾಗಿ ಚಾರಣಕ್ಕೆ ಹೋಗುವ ತಿಂಗಳುಗಳಲ್ಲೇ, ಅದರ ಹಾವಳಿ ಹೆಚ್ಚು. ಟೆಂಟ್ ಇದಕ್ಕೆ ಪೂರ್ತಿ ರಕ್ಷಣೆ ಅಲ್ಲ, ಹಗಲಿನ ನಡಿಗೆಯಲ್ಲಿಯೂ ಎಚ್ಚರ ಬೇಕು. ಆದರೂ ರಾತ್ರಿಯ ಏಳೆಂಟು ಗಂಟೆ ನೆಲಕ್ಕೆ ಮೈ ತಾಗಿಸಿ ಮಲಗುವಾಗ ತಳ, ಬಲೆ, ಜಿಪ್ ಮೂರೂ ಸೇರಿ ಪೂರ್ತಿ ಮುಚ್ಚಿಕೊಳ್ಳುವ ಒಳಕೋಣೆ ಇರಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇದೊಂದನ್ನು ಒಪ್ಪಿಕೊಂಡರೆ ಬರಿಯ ಟಾರ್ಪ್, ತಳವಿಲ್ಲದ ಟೆಂಟ್, ಬಲೆಯಿಲ್ಲದ ಟೆಂಟ್ ಎಲ್ಲವೂ ಪಟ್ಟಿಯಿಂದ ಹೊರಗೆ ಬೀಳುತ್ತವೆ. ಆಯ್ಕೆ ಅರ್ಧ ಮುಗಿದಂತೆ.

ಒಂದು ಪದರವೋ, ಎರಡೋ?

ಆನ್‌ಲೈನ್‌ನಲ್ಲಿ ಎರಡು ಸಾವಿರ ರೂಪಾಯಿಗೆ ಸಿಗುವ ಟೆಂಟ್‌ಗಳಲ್ಲಿ ಹೆಚ್ಚಿನವು ಒಂದೇ ಪದರದವು. ನೆತ್ತಿಯ ಮೇಲೆ ಮಾತ್ರ ಬಲೆ, ಆ ಬಲೆಯ ಮೇಲೆ ಟೋಪಿಯಂತೆ ಒಂದು ಚಿಕ್ಕ ಹೊದಿಕೆ. ನೇರವಾಗಿ ಬೀಳುವ ಹನಿಗೆ ಅದು ಸಾಕು. ಮಲೆನಾಡಿನ ಮಳೆ ನೇರವಾಗಿ ಬೀಳುವುದೇ ಅಪರೂಪ, ಗಾಳಿಯ ಜೊತೆ ಓರೆಯಾಗಿ ಬಂದು ಟೋಪಿಯ ಅಡಿಯಿಂದ ಒಳಗೆ ಬರುತ್ತದೆ.

ಮಳೆ ಇಲ್ಲದ ರಾತ್ರಿಯಲ್ಲೂ ಒಂದು ಪದರದ ಟೆಂಟ್ ಒದ್ದೆಯಾಗುತ್ತದೆ. ಇಬ್ಬರು ಮಲಗಿ ಉಸಿರಾಡಿದರೆ ಬೆಳಗಿನ ಹೊತ್ತಿಗೆ ಹೊರಬಿದ್ದ ಆವಿ ಒಂದು ಲೋಟ ನೀರಿಗಿಂತ ಕಡಿಮೆ ಇರುವುದಿಲ್ಲ. ಡಿಸೆಂಬರ್‌ನ ಚಳಿಗೆ ತಣ್ಣಗಾದ ಬಟ್ಟೆಯ ಒಳಮೈಗೆ ಆ ಆವಿ ತಾಗಿ ಹನಿಗಟ್ಟುತ್ತದೆ. ಎರಡು ಪದರವಿದ್ದರೆ ಹನಿ ಹೊರಪದರದ ಒಳಬದಿಯಲ್ಲಿ ಕಟ್ಟಿ ಕೆಳಗೆ ಜಾರುತ್ತದೆ, ಒಳಕೋಣೆಯಲ್ಲಿ ಮಲಗಿದವರ ಸ್ಲೀಪಿಂಗ್ ಬ್ಯಾಗ್ ಒಣಗಿರುತ್ತದೆ. ಇದಕ್ಕಾಗಿ ಮುನ್ನೂರು ನಾನ್ನೂರು ಗ್ರಾಂ ಹೆಚ್ಚು ಹೊರಬೇಕಾದರೂ ಹೊರಿ. ಹೊರಪದರ ನೆಲದವರೆಗೆ ಇಳಿದಿರಬೇಕು, ಮೇಲೆ ಗಾಳಿ ಹೊರಹೋಗಲು ಕಿಂಡಿ ಇರಬೇಕು, ಬಾಗಿಲ ಮುಂದೆ ಶೂ ಮತ್ತು ಒದ್ದೆ ಬ್ಯಾಗ್ ಇಡಲು ಚಿಕ್ಕ ಜಗಲಿ ಇರಬೇಕು. ಮಲೆನಾಡಿನ ಮನೆಗೆ ಜಗಲಿ ಏಕೆ ಬೇಕೋ ಟೆಂಟ್‌ಗೂ ಅದೇ ಕಾರಣಕ್ಕೆ ಬೇಕು.

ಮೂರು ಆಕಾರಗಳು

ಇಷ್ಟು ಸೋಸಿದ ಮೇಲೆ ಉಳಿಯುವುದು ಮೂರು ಬಗೆ.

ಒಂದು, ಎರಡು ಪೋಲ್‌ಗಳು ನೆತ್ತಿಯಲ್ಲಿ ಅಡ್ಡಹಾಯುವ ಗುಮ್ಮಟದ ಟೆಂಟ್. ಗೂಟವಿಲ್ಲದೆಯೂ ತಾನಾಗಿ ನಿಲ್ಲುತ್ತದೆ. ಬಂಡೆಯ ಮೇಲೆ ಹಾಕಿ ನಾಲ್ಕು ಮೂಲೆಗೆ ಕಲ್ಲು ಕಟ್ಟಿದರೆ ಆಯಿತು. ಜಾಗ ಸರಿಯಿಲ್ಲವೆಂದರೆ ಹಾಗೆಯೇ ಎತ್ತಿ ಪಕ್ಕಕ್ಕೆ ಇಡಬಹುದು, ಬೆಳಿಗ್ಗೆ ಬಾಗಿಲು ತೆರೆದು ತಲೆಕೆಳಗು ಮಾಡಿ ಕಸ ಕೊಡವಬಹುದು. ಹೊಸಬರಿಗೆ ಐದು ನಿಮಿಷದಲ್ಲಿ ಕೈಗೆ ಹತ್ತುತ್ತದೆ. ಇಬ್ಬರ ಟೆಂಟ್ ಈ ಬೆಲೆಯಲ್ಲಿ ಎರಡರಿಂದ ಎರಡೂವರೆ ಕಿಲೋ ತೂಗುತ್ತದೆ. ಡೆಕಾತ್ಲಾನ್‌ನ ಕೆಚುವಾ ಎಂಎಚ್‌100 ಈ ಜಾತಿಗೆ ಸೇರಿದ, ನಮ್ಮ ಊರಿನಲ್ಲಿ ಎಲ್ಲರೂ ನೋಡಿರುವ ಟೆಂಟ್. ಎರಡು ಪದರವಿದೆ, ಬೆಲೆ ಕಡಿಮೆ. ಅದರ ಪೋಲ್ ಫೈಬರ್‌ಗ್ಲಾಸಿನದು ಎಂಬುದನ್ನು ಮಾತ್ರ ನೆನಪಿಡಿ, ಆ ಮಾತಿಗೆ ಮುಂದೆ ಬರುತ್ತೇನೆ.

ಇನ್ನೊಂದು ಅರೆ ಸ್ವತಂತ್ರವಾಗಿ ನಿಲ್ಲುವುದು. ತಲೆಯ ಕಡೆ ಎರಡು ಕವಲಾಗಿ ಕಾಲಿನ ಕಡೆ ಒಂದೇ ಆಗುವ ಪೋಲ್. ನೇಚರ್‌ಹೈಕ್ ಕಂಪನಿಯ ಕ್ಲೌಡ್ ಅಪ್ 2 ಇದಕ್ಕೆ ಹೆಸರಾದದ್ದು. ಅಲ್ಯೂಮಿನಿಯಂ ಪೋಲ್, ತೆಳು ನೈಲಾನಿನ ಮಾದರಿ ಒಂದೂವರೆ ಕಿಲೋದ ಆಸುಪಾಸು, ಅದೇ ಟೆಂಟ್‌ನ ಪಾಲಿಯೆಸ್ಟರ್ ಮಾದರಿ ಅದಕ್ಕಿಂತ ಭಾರ, ಬೆಲೆ ಕಡಿಮೆ. ಕಾಲಿನ ಕಡೆಯ ಎರಡು ಮೂಲೆಗಳನ್ನು ಗೂಟ ಹೊಡೆದೋ ಕಲ್ಲಿಗೆ ಕಟ್ಟಿಯೋ ಎಳೆಯಲೇಬೇಕು, ಇಲ್ಲದಿದ್ದರೆ ಅಲ್ಲಿ ಬಟ್ಟೆ ಜೋತು ಪಾದಕ್ಕೆ ತಾಗುತ್ತದೆ. ಬಾಗಿಲು ಒಂದೇ, ಅದೂ ತಲೆಯ ಕಡೆ. ನಡುರಾತ್ರಿ ಒಬ್ಬರು ಏಳಬೇಕಾದರೆ ಇನ್ನೊಬ್ಬರಿಗೆ ಎಚ್ಚರವಾಗುವುದು ಖಂಡಿತ. ಒಬ್ಬರೇ ಹೋಗುವವರಿಗೆ ಇದು ಬಹಳ ಒಳ್ಳೆಯ ಮನೆ, ಇಬ್ಬರಿಗೆ ಇಕ್ಕಟ್ಟು.

ಕೊನೆಯದು, ಪೋಲ್ ಇಲ್ಲದೆ ನಡೆಯುವ ಕೋಲುಗಳನ್ನೇ ಕಂಬವಾಗಿಸಿ ಎತ್ತುವುದು. 3ಎಫ್ ಯುಎಲ್ ಗೇರ್‌ನ ಲಾನ್‌ಶಾನ್ 2 ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು. ಕೊಟ್ಟ ಹಣಕ್ಕೆ ಇದರಷ್ಟು ಹಗುರವಾದದ್ದು ಸಿಗುವುದು ಕಷ್ಟ. ಹೊರಪದರವನ್ನು ಮೊದಲು ಎತ್ತಿ ಅದರ ಅಡಿಯಲ್ಲಿ ಒಣಗಿದ ಒಳಕೋಣೆಯನ್ನು ತೂಗುಹಾಕಬಹುದು, ಮಳೆಯಲ್ಲಿ ಇದು ದೊಡ್ಡ ಅನುಕೂಲ. ಆದರೆ ಇಡೀ ಟೆಂಟ್ ನಿಂತಿರುವುದು ಗೂಟಗಳ ಬಲದ ಮೇಲೆ. ಒಂದು ಗೂಟ ಕಿತ್ತರೆ ಒಂದು ಬದಿ ಮಲಗುತ್ತದೆ. ಸುಮಾರು 125 ಸೆಂಟಿಮೀಟರ್ ಎತ್ತರಕ್ಕೆ ನಿಲ್ಲುವ ಎರಡು ಕೋಲುಗಳು ನಿಮ್ಮಲ್ಲಿ ಇಲ್ಲದಿದ್ದರೆ ಅವುಗಳ ಬೆಲೆ ಮತ್ತು ತೂಕವನ್ನೂ ಸೇರಿಸಿ ಲೆಕ್ಕ ಹಾಕಿ. ಸಿಲಿಕೋನ್ ಲೇಪದ ಬಟ್ಟೆಯಾದ್ದರಿಂದ ಹೊಲಿಗೆಗಳಿಗೆ ನೀರು ತಡೆಯುವ ಟೇಪ್ ಹಿಡಿಯುವುದಿಲ್ಲ. ಕೊಂಡ ಮೇಲೆ ನೀವೇ ಕೂತು ಪ್ರತಿ ಹೊಲಿಗೆಗೂ ಸಿಲಿಕೋನ್ ಸೀಲರ್ ಹಚ್ಚಿ ಒಂದು ದಿನ ಒಣಗಿಸಬೇಕು.

ಬೆಂಗಳೂರಿನಲ್ಲಿದ್ದು ಬಂಡೆ, ತೋಟ, ಹಿಮಾಲಯ ಮೂರಕ್ಕೂ ಒಂದೇ ಟೆಂಟ್ ಕೊಳ್ಳುವವರಿಗೆ ನಾನು ಹೇಳುವುದು ಗುಮ್ಮಟವನ್ನೇ. ಎರಡೂ ಕೈಯಲ್ಲಿ ಕೋಲು ಹಿಡಿದೇ ನಡೆಯುವ, ನಾಲ್ಕಾರು ವರ್ಷ ಅನುಭವವಿರುವ, ಹೆಚ್ಚಾಗಿ ಹಿಮಾಲಯದ ಹುಲ್ಲುಗಾವಲುಗಳಲ್ಲಿ ತಂಗುವವರು ಮಾತ್ರ ಕೋಲಿನ ಟೆಂಟ್‌ಗೆ ಹೋಗಲಿ.

ಪೋಲ್‌ನಲ್ಲಿ ಉಳಿತಾಯ ಬೇಡ

ಇದನ್ನು ನಾನು ನೋವಿನಿಂದ ಕಲಿತೆ. ಕೆಲವು ವರ್ಷಗಳ ಹಿಂದೆ ಸಕಲೇಶಪುರದ ಬಳಿಯ ಕಾಫಿ ತೋಟವೊಂದರಲ್ಲಿ ಅನುಮತಿ ಪಡೆದು ಭಾವನೂ ನಾನೂ ಟೆಂಟ್ ಹಾಕಿದ್ದೆವು. ಅಗ್ಗಕ್ಕೆ ಸಿಕ್ಕಿದೆ ಎಂದು ಕೊಂಡ ಫೈಬರ್‌ಗ್ಲಾಸ್ ಪೋಲ್‌ನ ಟೆಂಟ್. ರಾತ್ರಿ ಎರಡರ ಸುಮಾರಿಗೆ ಗಾಳಿ ಎದ್ದಿತು. ಪೋಲ್ ಒಂದು ಕಡೆ ಉದ್ದಕ್ಕೆ ಸೀಳಿತು, ಸೀಳಿದ ತುದಿ ಹೊರಪದರವನ್ನು ಒಂದು ಗೇಣಿನಷ್ಟು ಹರಿಯಿತು. ಮಳೆ ಒಳಗೆ ಸುರಿಯಿತು. ಭಾವನಿಗೆ ಕತ್ತಲಲ್ಲಿ ಪೋಲ್ ಹಿಡಿಯಲು ಹೋಗಿ ಅಂಗೈಗೆ ಗಾಜಿನ ನಾರು ಚುಚ್ಚಿಕೊಂಡಿತು. ಬೆಳಿಗ್ಗೆ ಟಾರ್ಚ್ ಹಿಡಿದು ಅವರ ಕೈಯಿಂದ ಒಂದೊಂದೇ ಎಳೆ ಕೀಳುವಾಗ, ಎರಡು ಸಾವಿರ ರೂಪಾಯಿ ಉಳಿಸಲು ಹೋದದ್ದಕ್ಕೆ ನನಗೆ ನಾಚಿಕೆಯಾಯಿತು. ತೋಟದ ಲೆಕ್ಕಪತ್ರ ನೋಡುವ ರೈಟರ್ ಬಂದು ನೋಡಿದವರು ಏನೂ ಹೇಳದೆ ವಾಟೆ ಬಿದಿರಿನ ಒಂದು ತುಂಡು ತಂದು, ಉದ್ದಕ್ಕೆ ಸೀಳಿ, ಮುರಿದ ಜಾಗವನ್ನು ಅದರೊಳಗೆ ಕೂರಿಸಿ ಹಗ್ಗ ಸುತ್ತಿದರು. ಎರಡನೆಯ ರಾತ್ರಿ ಅದೇ ನಮ್ಮನ್ನು ಕಾಯಿತು.

ಅಲ್ಯೂಮಿನಿಯಂ ಪೋಲ್ ಹೆಚ್ಚಿನ ಸಲ ಮುರಿಯುವ ಮೊದಲು ಬಾಗುತ್ತದೆ. ಬಾಗಿದ್ದನ್ನು ಮೆಲ್ಲಗೆ ನೇರ ಮಾಡಿ, ಬಿರುಕಿದ್ದರೆ ಅದರ ಮೇಲೆ ಚಿಕ್ಕ ಲೋಹದ ಕೊಳವೆಯೊಂದನ್ನು ಸರಿಸಿ ಟೇಪ್ ಸುತ್ತಿದರೆ ಚಾರಣ ಮುಗಿಯುತ್ತದೆ. ಆ ಕೊಳವೆ ಟೆಂಟ್ ಜೊತೆ ಬರದಿದ್ದರೆ, ಪೋಲ್‌ನ ಅಳತೆ ಹಿಡಿದುಕೊಂಡು ಹೋಗಿ ಹಾರ್ಡ್‌ವೇರ್ ಅಂಗಡಿಯಲ್ಲಿ ಬೆರಳುದ್ದದ ತುಂಡು ಕತ್ತರಿಸಿಕೊಳ್ಳಿ. ವಿವರಪಟ್ಟಿಯಲ್ಲಿ 7001 ಅಥವಾ 7075 ಎಂದು ಬರೆದಿದ್ದರೆ ಅದು ಗಟ್ಟಿ ಮಿಶ್ರಲೋಹದ ಸಂಖ್ಯೆ. ಅದೇ ಗಟ್ಟಿತನಕ್ಕೆ ಅಲ್ಯೂಮಿನಿಯಂ ಪೋಲ್ ಫೈಬರ್‌ಗ್ಲಾಸ್‌ಗಿಂತ ಹಗುರವೂ ಹೌದು, ಆದ್ದರಿಂದ ಇಲ್ಲಿ ಕೊಟ್ಟ ಹಣ ಬಾಳಿಕೆಗೂ ತೂಕಕ್ಕೂ ಎರಡು ಸಲ ಕೆಲಸ ಮಾಡುತ್ತದೆ. ಫೈಬರ್‌ಗ್ಲಾಸ್ ಟೆಂಟನ್ನೇ ಕೊಳ್ಳಬೇಕಾಗಿ ಬಂದರೆ ಗಾಳಿ ಹೆಚ್ಚಿಲ್ಲದ ತಪ್ಪಲುಗಳಿಗೆ ಮಾತ್ರ ಒಯ್ಯಿರಿ, ಪ್ರತಿ ಸಲವೂ ಪೋಲ್‌ನ ತುಂಡುಗಳು ಒಂದರೊಳಗೊಂದು ಪೂರ್ತಿ ಕೂತಿವೆಯೇ ಎಂದು ಬೆರಳಾಡಿಸಿ ನೋಡಿ. ಅರ್ಧ ಕೂತ ತುಂಡೇ ಮೊದಲು ಸೀಳುವುದು.

ಬಟ್ಟೆ ಮತ್ತು ಅದರ ಸಂಖ್ಯೆಗಳು

20ಡಿ, 75ಡಿ ಎಂಬ ಬರಹದಲ್ಲಿ ಡಿ ಎಂದರೆ ಡೆನಿಯರ್. ಒಂಬತ್ತು ಸಾವಿರ ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆಯೋ ಅದೇ ಅದರ ಡೆನಿಯರ್. ಸಂಖ್ಯೆ ಚಿಕ್ಕದಾದಷ್ಟೂ ನೂಲು ಸಣ್ಣ, ಬಟ್ಟೆ ಹಗುರ, ಮುಳ್ಳಿಗೆ ಅಷ್ಟೇ ಅಂಜಬೇಕು. 190ಟಿ, 210ಟಿ ಎಂಬುದು ಒಂದು ಚದರ ಇಂಚಿನಲ್ಲಿರುವ ನೂಲುಗಳ ಎಣಿಕೆ.

ನೈಲಾನ್ ಅದೇ ತೂಕದ ಪಾಲಿಯೆಸ್ಟರ್‌ನಷ್ಟು ಸುಲಭವಾಗಿ ಹರಿಯದು. ಆದರೆ ನೈಲಾನ್ ತೇವ ಕುಡಿಯುತ್ತದೆ. ಸಾಮಾನ್ಯ ಗಾಳಿಯಲ್ಲೇ ತನ್ನ ತೂಕದ ಶೇ 4ರಷ್ಟು ತೇವ ಹಿಡಿದುಕೊಳ್ಳುವ ನಾರು ಅದು. ಪಾಲಿಯೆಸ್ಟರ್ ಶೇ 0.4ರ ಆಸುಪಾಸು. ನೆನೆದ ನೈಲಾನ್ ಹಿಗ್ಗಿ ಜೋಲುತ್ತದೆ, ಸಂಜೆ ಬಿಗಿಯಾಗಿ ಕಟ್ಟಿದ ಟೆಂಟ್ ನಡುರಾತ್ರಿಯ ಹೊತ್ತಿಗೆ ಸಡಿಲವಾಗಿ ಒಳಕೋಣೆಗೆ ಅಂಟುತ್ತದೆ. ಬಿಸಿಲಿನಲ್ಲಿಯೂ ಪಾಲಿಯೆಸ್ಟರ್ ನೈಲಾನ್‌ಗಿಂತ ನಿಧಾನವಾಗಿ ಹಾಳಾಗುತ್ತದೆ. ಕಡಿಮೆ ಬೆಲೆಯಲ್ಲಿ, ನಮ್ಮ ಮಳೆಯಲ್ಲಿ, ಬಹುಕಾಲ ಬಾಳಬೇಕೆಂದರೆ ನನ್ನ ಮತ ಪಾಲಿಯೆಸ್ಟರ್‌ಗೆ. ಎರಡರಲ್ಲಿ ಯಾವುದೇ ಆಗಲಿ, ಸಣ್ಣ ಚೌಕುಳಿಯ ದಪ್ಪ ನೂಲು ನೇಯ್ದ ರಿಪ್‌ಸ್ಟಾಪ್ ಬಟ್ಟೆಯಾಗಿದ್ದರೆ ಹರಿದದ್ದು ಮುಂದೆ ಓಡುವುದಿಲ್ಲ.

ಮಿಲಿಮೀಟರ್‌ನಲ್ಲಿ ಬರೆದಿರುವುದು ನೀರಿನ ಒತ್ತಡ. 3000 ಎಂದರೆ ಮೂರು ಮೀಟರ್ ಎತ್ತರದ ನೀರಿನ ಕಂಬ ಮೇಲೆ ನಿಂತರೂ ಬಟ್ಟೆ ಸೋರದು ಎಂದು. ಹೊರಪದರಕ್ಕೆ 2000 ಇದ್ದರೆ ನಮ್ಮ ಮಳೆಗೆ ಸಾಕು. ತಳಕ್ಕೆ 3000ಕ್ಕಿಂತ ಕಡಿಮೆ ಬೇಡ, ಏಕೆಂದರೆ ನೆನೆದ ನೆಲದ ಮೇಲೆ ಮೊಣಕಾಲೂರಿದಾಗ ಬೀಳುವ ಒತ್ತಡ ಮಳೆಹನಿಯದ್ದಕ್ಕಿಂತ ಎಷ್ಟೋ ಹೆಚ್ಚು. ತಳದ ಬಟ್ಟೆ ಬಾಣಲೆಯ ಅಂಚಿನಂತೆ ನಾಲ್ಕು ಕಡೆಯೂ ಒಂದು ಗೇಣು ಮೇಲೆ ಬಂದು ಗೋಡೆಗೆ ಸೇರಿರಬೇಕು. ದೊಡ್ಡ ಸಂಖ್ಯೆಗೆ ಮರುಳಾಗಬೇಡಿ. ಸೋರುವುದು ಬಹುತೇಕ ಹೊಲಿಗೆಯಲ್ಲಿ. ಒಳಬದಿಯ ಹೊಲಿಗೆಗಳ ಮೇಲೆ ಟೇಪ್ ಎಲ್ಲಿಯೂ ಏಳದೆ ಅಂಟಿದೆಯೇ ಎಂದು ಅಂಗಡಿಯಲ್ಲೇ ನೋಡಿ.

ಪೊಟ್ಟಣದ ಮೇಲಿನ ತೂಕವನ್ನೂ ಹಾಗೆಯೇ ನಂಬುವಂತಿಲ್ಲ. ಕೆಲವರು ಗೂಟ, ಹಗ್ಗ, ಚೀಲ ಬಿಟ್ಟು ಬರೆಯುತ್ತಾರೆ. ಬ್ಯಾಗ್ ತೂಗುವ ಕೈತಕ್ಕಡಿ ಇದ್ದರೆ ಒಯ್ದು ಎಲ್ಲವನ್ನೂ ಸೇರಿಸಿ ತೂಗಿ. ಎರಡು ಕಿಲೋ ಇನ್ನೂರು ಗ್ರಾಂ ಎಂದರೆ ಗಾಬರಿಯಾಗಬೇಕಿಲ್ಲ. ಪೋಲ್ ಮತ್ತು ಗೂಟ ಒಬ್ಬರ ಬ್ಯಾಗಿನಲ್ಲಿ, ಬಟ್ಟೆ ಇನ್ನೊಬ್ಬರ ಬ್ಯಾಗಿನಲ್ಲಿ ಹೋದರೆ ತಲೆಗೆ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ಅಷ್ಟೆ.

ಅಗಲ ನೋಡಲು ಮರೆಯಬೇಡಿ. ಇಬ್ಬರ ಟೆಂಟ್ ಎಂದು ಬರೆದಿದ್ದರೂ 120 ಸೆಂಟಿಮೀಟರ್ ಇದ್ದರೆ ಎರಡು ಹಾಸಿಗೆ ಗೋಡೆಗೆ ಒತ್ತಿ ಕೂರುತ್ತವೆ. 130 ಇದ್ದರೆ ಸರಿ.

ಹಣವನ್ನು ಎಲ್ಲಿ ಉಳಿಸಬಹುದು?

ಟೆಂಟ್‌ನ ಕೆಳಗೆ ಹಾಸಲೆಂದು ಕಂಪನಿಯವರು ಪ್ರತ್ಯೇಕವಾಗಿ ಮಾರುವ ಹಾಳೆಗೆ ಹಣ ಕೊಡಬೇಡಿ. ಕೆ.ಆರ್. ಮಾರುಕಟ್ಟೆಯ ಕಡೆ ಮೀಟರ್ ಲೆಕ್ಕದಲ್ಲಿ ಸಿಗುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ತಳಕ್ಕಿಂತ ಎರಡು ಬೆರಳು ಚಿಕ್ಕದಾಗಿ ಕತ್ತರಿಸಿ. ದೊಡ್ಡದಾದರೆ ಹೊರಚಾಚಿದ ಅಂಚಿನಲ್ಲಿ ಮಳೆನೀರು ಕೂಡಿ ಟೆಂಟ್‌ನ ಅಡಿಗೇ ಹರಿಯುತ್ತದೆ. ಜೊತೆಗೆ ಬರುವ ತೆಳು ಸರಿಗೆ ಗೂಟಗಳ ಬದಲು ವೈ ಆಕಾರದ ಅಲ್ಯೂಮಿನಿಯಂ ಗೂಟ ಎಂಟು ಕೊಂಡರೆ ಅಗ್ಗದ ಟೆಂಟ್ ಕೂಡ ಗಾಳಿಗೆ ಗಟ್ಟಿಯಾಗಿ ನಿಲ್ಲುತ್ತದೆ. ಜಿಪ್ ಕಚ್ಚದಿದ್ದರೆ ಟೆಂಟನ್ನೇ ಎಸೆಯುವವರಿದ್ದಾರೆ. ಹೆಚ್ಚಿನ ಸಲ ಸವೆದಿರುವುದು ಜಿಪ್‌ನ ಓಡುವ ತುಂಡು ಮಾತ್ರ. ಬ್ಯಾಗ್ ರಿಪೇರಿ ಮಾಡುವವರು ಸಣ್ಣ ಮೊತ್ತಕ್ಕೆ ಅದನ್ನು ಬದಲಿಸಿಕೊಡುತ್ತಾರೆ.

ಬಳಸಿದ ಟೆಂಟ್ ಕೊಳ್ಳುವುದು ಈ ಊರಿನಲ್ಲಿ ಜಾಣತನ. ಕೆಲಸಕ್ಕೆಂದು ಬಂದು ಊರು ಬಿಡುವವರು, ಎರಡು ಸಲ ಬಳಸಿ ಆಸಕ್ತಿ ಕಳೆದುಕೊಂಡವರು ಮಾರುತ್ತಲೇ ಇರುತ್ತಾರೆ. ಹನ್ನೆರಡು ಸಾವಿರಕ್ಕೆ ಹೊಸದಾಗಿ ಸಿಗದ ಒಳ್ಳೆಯ ಟೆಂಟ್ ಹಾಗೆ ಸಿಕ್ಕೀತು. ಆದರೆ ಮೊದಲು ಅದನ್ನು ಬಿಚ್ಚಿ ಮೂಗಿನ ಹತ್ತಿರ ಹಿಡಿಯಿರಿ. ಹುಳಿ ವಾಸನೆ ಬಂದರೆ, ತಳ ಬೆರಳಿಗೆ ಅಂಟಿದರೆ, ಒಳಬದಿ ಹೊಟ್ಟಿನಂತೆ ಉದುರಿದರೆ ಮರುಮಾತಿಲ್ಲದೆ ಹಿಂದಿರುಗಿಸಿ. ನೀರು ತಡೆಯಲು ಬಟ್ಟೆಗೆ ಹಚ್ಚಿದ ಪಾಲಿಯುರೆಥೇನ್ ಲೇಪ ತೇವಕ್ಕೆ ಒಡೆದು ಹೋದ ಗುರುತು ಅದು, ಅದಕ್ಕೆ ಮದ್ದಿಲ್ಲ. ನಮ್ಮ ಟೆಂಟ್‌ಗೂ ಆ ಗತಿ ಬರುವುದು ಬೆಟ್ಟದಲ್ಲಿ ಅಲ್ಲ, ಮನೆಯ ಅಟ್ಟದ ಮೇಲೆ. ಸೋಮವಾರ ಬೆಳಿಗ್ಗೆ ಬಂದು ಒದ್ದೆ ಟೆಂಟನ್ನು ಹಾಗೆಯೇ ಮೇಲಿಟ್ಟು ಕಚೇರಿಗೆ ಓಡಿ, ಮುಂದಿನ ಚಾರಣದವರೆಗೆ ಮರೆತರೆ ಎಷ್ಟು ಒಳ್ಳೆಯ ಟೆಂಟ್ ಆದರೂ ಉಳಿಯದು. ಅಂದೇ ನೆರಳಿನಲ್ಲಿ ಹರಡಿ, ಪೂರ್ತಿ ಒಣಗಿದ ಮೇಲೆ ಹಳೆಯ ಹತ್ತಿ ದಿಂಬಿನ ಚೀಲದಲ್ಲಿ ಸಡಿಲವಾಗಿ ತುಂಬಿಡಿ. ವಾಷಿಂಗ್ ಮೆಷಿನ್‌ಗೆ ಎಂದಿಗೂ ಹಾಕಬೇಡಿ.

ತಾರಸಿಯ ಮೇಲೆ ಒಂದು ಸಂಜೆ

ಕೊನೆಗೆ ಅಕ್ಕನ ಮಗಳು ಕೊಂಡದ್ದು ಗುಮ್ಮಟದ ಟೆಂಟ್: ಎರಡು ಪದರ, ಪಾಲಿಯೆಸ್ಟರ್, ಅಲ್ಯೂಮಿನಿಯಂ ಪೋಲ್, ಎರಡು ಬದಿಗೂ ಬಾಗಿಲು, ಗೂಟ ಸೇರಿಸಿ ಎರಡು ಕಿಲೋ ಮುನ್ನೂರು ಗ್ರಾಂ. ಮೊದಲು ತೋರಿಸಿದ ನಾಲ್ಕರಲ್ಲಿ ಅದೇ ಎಲ್ಲಕ್ಕಿಂತ ಭಾರವಾದದ್ದು. ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ನಮ್ಮ ತಾರಸಿಯಲ್ಲಿ ಹಾಕಿ ನೋಡೋಣ ಎಂದೆ. ಕಾಂಕ್ರೀಟಿಗೆ ಗೂಟ ಹೊಡೆಯಲಾಗದು, ಇಪ್ಪತ್ತು ಲೀಟರಿನ ನಾಲ್ಕು ನೀರಿನ ಕ್ಯಾನುಗಳಿಗೆ ಹಗ್ಗ ಕಟ್ಟಿದೆವು. ಅವಳು ಒಳಗೆ ಕೂತಳು. ನಾನು ಪೈಪ್ ಹಿಡಿದು, ಮೊದಲು ನೆತ್ತಿಗೆ, ಆಮೇಲೆ ಓರೆಯಾಗಿ ನಾಲ್ಕೂ ಬದಿಗೆ, ಹತ್ತು ನಿಮಿಷ ನೀರು ಬಿಟ್ಟೆ.

‘ಮಾವ, ಎಡಗಡೆ ಬಾಗಿಲ ಮೇಲಿನ ಮೂಲೆಯಲ್ಲಿ ಹನಿಯುತ್ತಿದೆ’ ಎಂದು ಒಳಗಿನಿಂದ ಕೂಗಿದಳು. ಹೋಗಿ ನೋಡಿದರೆ ಹೊಲಿಗೆಯ ಟೇಪ್ ಎರಡು ಬೆರಳಿನಷ್ಟು ಎದ್ದಿತ್ತು. ಅಂದೇ ಸಂಜೆ ಒಣಗಿಸಿ, ಮಡಿಸಿ, ಮರುದಿನ ಅಂಗಡಿಗೆ ಕೊಟ್ಟು ಬೇರೊಂದು ತಂದೆವು. ಅದನ್ನೂ ಹಾಗೆಯೇ ನೆನೆಸಿದೆವು. ಒಂದು ಹನಿಯೂ ಒಳಗೆ ಬರಲಿಲ್ಲ.